ಆಲಮಟ್ಟಿಯ ದಾರಿಯಲ್ಲಿ ಕಬ್ಬಿನ ತೇರುಗಳು

ವಿಜಯಪುರದಿಂದ ದಕ್ಷಿಣಕ್ಕೆ ಹೊರಟು, ನಿಡಗುಂದಿಯ ಹಾದಿ ಹಿಡಿದು 60 ಕಿಲೋಮೀಟರಿಗೆ ತುಸು ಹೆಚ್ಚು ದೂರ ಸಾಗಿದರೆ ಆಲಮಟ್ಟಿ ಸಿಗುತ್ತದೆ. ದಾರಿಯ ಎರಡು ಮಗ್ಗುಲಿಗೂ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಅಲ್ಲಲ್ಲಿ ಬಿಳಿಜೋಳದ ಹೊಲ, ಬೇವಿನ ಮರ, ಮಣ್ಣಿನ ಮಾಳಿಗೆಯ ಮನೆಗಳು. ಹೀಗೆ ಸಾಗುತ್ತಿರುವ ಪ್ರವಾಸಿಗನಿಗೆ ಕೃಷ್ಣೆ ಹತ್ತಿರವಾದ ಹಾಗೆಲ್ಲ ನೆಲದ ಬಣ್ಣ ಬದಲಾಗುವುದು ಕಾಣುತ್ತದೆ. ಬೂದುಗಪ್ಪು ಹಸಿರಾಗುತ್ತದೆ, ಜೋಳದ ಜಾಗವನ್ನು ಕಬ್ಬು ಹಿಡಿಯುತ್ತದೆ. ಶತಮಾನಗಳ ಕಾಲ ಬರದ ಹೆಸರಿನೊಂದಿಗೇ ತನ್ನ ಹೆಸರನ್ನು ಕೇಳಿಕೊಂಡು ಬಂದ ಜಿಲ್ಲೆಯೊಂದರಲ್ಲಿ ಈ ಬದಲಾವಣೆ ಸಾಮಾನ್ಯವಾದುದಲ್ಲ.

ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದ ಈ ಊರು ಈಗ ನಿಡಗುಂದಿ ತಾಲೂಕಿನಲ್ಲಿದೆ. ಊರು ಚಿಕ್ಕದು, ಹೆಸರು ದೊಡ್ಡದು. ಆ ಹೆಸರನ್ನು ಕೊಟ್ಟದ್ದು ಅಣೆಕಟ್ಟು.

ಶಾಸ್ತ್ರಿಯವರ ಸಾಗರ

1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಇಲ್ಲಿ ಅಡಿಗಲ್ಲನ್ನಿಟ್ಟರು. ಅದಾದ ಐದೇ ದಿನಕ್ಕೆ ನೆಹರೂ ತೀರಿಕೊಂಡರು; ಜೂನ್ 9ರಂದು ಶಾಸ್ತ್ರಿಯವರೇ ಪ್ರಧಾನಿಗಳಾದರು. ಅಣೆಕಟ್ಟು ಮುಗಿಯುವ ಹೊತ್ತಿಗೆ ಮಾತ್ರ 2005ನೆಯ ಇಸವಿ ಬಂದಿತ್ತು. ಅಡಿಗಲ್ಲಿನ ದಿನ ತೊಟ್ಟಿಲಲ್ಲಿದ್ದ ಮಗು ನಲವತ್ತು ದಾಟಿದ ಮೇಲೆ ತುಂಬಿದ ಜಲಾಶಯವನ್ನು ನೋಡಿತು! ಇಂದು ಅದಕ್ಕೆ ಲಾಲ್ ಬಹಾದೂರ್ ಶಾಸ್ತ್ರಿ ಸಾಗರವೆಂದೇ ಹೆಸರು.

ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಕಟ್ಟೆ, 26 ಗೇಟುಗಳು, 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ನಿಲ್ಲುವ ಸುಮಾರು 123 ಟಿ.ಎಂ.ಸಿ. ಅಡಿ ನೀರು, 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ—ಇಷ್ಟು ಅಂಕಿಗಳು ಸಾಕು. ಮಳೆಗಾಲದಲ್ಲಿ ಮಹಾಬಳೇಶ್ವರದ ಕಡೆಯ ನೀರು ಬಂದು ಗೇಟುಗಳು ತೆರೆದಾಗ ಕಾಣುವ ನೋಟವನ್ನು ಅಂಕಿಗಳು ಹೇಳಲಾರವು. ಈ ವೈಭವಕ್ಕೆ ತೆತ್ತ ಬೆಲೆಯನ್ನೂ ನೆನೆಯಬೇಕು. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಿ, ಜನ ನವನಗರಕ್ಕೆ ಹೋಗಿ ನೆಲೆಸಿದರು.

ನೀರು ಬಂದ ಕಡೆ ಕಬ್ಬು ಬಂತು; ಕಬ್ಬು ಬಂದ ಕಡೆ ಸಕ್ಕರೆ ಕಾರ್ಖಾನೆ ಬಂತು. ಕಾರ್ಖಾನೆಗಳು ನುರಿಸಲು ತೊಡಗಿದವೆಂದರೆ, ಅಕ್ಟೋಬರ್–ನವೆಂಬರಿನಿಂದ ಸುಮಾರು ಮಾರ್ಚಿಯವರೆಗೆ, ಈ ಸೀಮೆಯ ದಾರಿಗಳಿಗೆ ಬೇರೆಯೇ ಕಳೆ ಬರುತ್ತದೆ. ಹೊಲದಿಂದ ಕಾರ್ಖಾನೆಗೆ ಹಗಲಿರುಳೂ ಕಬ್ಬಿನ ತೇರುಗಳು ಸಾಗುತ್ತವೆ.

ಚಲಿಸುವ ಗುಡ್ಡ

ತೇರೆಂದರೆ ಅದು ಬರಿಯ ಅಲಂಕಾರದ ಮಾತಲ್ಲ. ಬಣ್ಣಬಣ್ಣದ ಗೊಂಡೆ, ದೇವರ ಹೆಸರು, ಊರೆಲ್ಲ ಕೇಳುವ ಜಾನಪದ ಹಾಡು. ಇವುಗಳಿಂದ ಸಿಂಗಾರಗೊಂಡ ಟ್ರ್ಯಾಕ್ಟರು ಮುಂದೆ. ಅದರ ಬೆನ್ನಿಗೆ ಒಂದರ ಹಿಂದೊಂದು ಎರಡು ಟ್ರೇಲರುಗಳು. ಅವುಗಳ ಮೇಲೆ ಆಳೆತ್ತರಕ್ಕೂ ಮೀರಿ ಒಟ್ಟಿದ ಕಬ್ಬು. ಸುಮಾರು 50 ಅಶ್ವಶಕ್ತಿಯ ಟ್ರ್ಯಾಕ್ಟರಿನ ಸ್ವಂತ ತೂಕ ಎರಡು, ಎರಡೂವರೆ ಟನ್. ಅದು ಎಳೆಯುವ ಎರಡು ಟ್ರೇಲರುಗಳ ಹೊರೆ ಎಷ್ಟೋ ಸಲ 20 ಟನ್ನನ್ನು ಮೀರುತ್ತದೆ. ಎಳೆಯುವವನಿಗಿಂತ ಎಳೆಸಿಕೊಳ್ಳುವುದು ಎಂಟು ಪಾಲು ಭಾರ! ಟ್ರೇಲರಿಗೆ ತನ್ನದೇ ಬ್ರೇಕು ಇರುವುದು ಅಪರೂಪವಾದ್ದರಿಂದ ಇಡೀ ಗುಡ್ಡವನ್ನು ನಿಲ್ಲಿಸುವ ಹೊಣೆ ಟ್ರ್ಯಾಕ್ಟರಿನ ಎರಡು ಹಿಂಗಾಲಿಗಳ ಮೇಲೆ ಬೀಳುತ್ತದೆ.

ಇಂಥ ಟ್ರ್ಯಾಕ್ಟರಿನ ಹಿಂದೆ ಸ್ವಲ್ಪ ಹೊತ್ತು ಸಾಗಿ ನೋಡಿರಿ. ಮುಂದಿನ ಟ್ರೇಲರು ತಕ್ಕಮಟ್ಟಿಗೆ ನೆಟ್ಟಗೆ ನಡೆದಿರುತ್ತದೆ. ಹಿಂದಿನದು ಮಾತ್ರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಲ ಬೀಸುತ್ತಿರುತ್ತದೆ. ನೋಡುವವರಿಗೆ ಅದು ಆನೆಯ ನಡಿಗೆಯಂತೆ ಚೆಂದವಾಗಿ ಕಾಣಬಹುದು. ಆದರೆ ಅಪಘಾತದ ಬೀಜ ಅಲ್ಲಿಯೇ ಇದೆ.

ತೂಗಾಟದ ಲೆಕ್ಕ

ಈ ತೂಗಾಟ ಹುಟ್ಟುವುದು ಹೇಗೆ? ಉತ್ತರ ಕರ್ನಾಟಕದವರಿಗೆ ನಾಗರಪಂಚಮಿಯ ಜೋಕಾಲಿಯ ಪರಿಚಯ ಮಾಡಿಸಬೇಕಾಗಿಲ್ಲ. ಜೋಕಾಲಿ ಮರಳುವ ಸಮಯಕ್ಕೆ ಸರಿಯಾಗಿ ಮೆಲ್ಲನೆ ನೂಕುತ್ತ ಹೋದರೂ ಸಾಕು, ಅದು ಮರದ ಕೊಂಬೆಯೆತ್ತರಕ್ಕೆ ಏರುತ್ತದೆ. ಟ್ರೇಲರೂ ಹಾಗೆಯೇ. ರಸ್ತೆಯ ತಗ್ಗು, ಬೀಸುಗಾಳಿ, ಪಕ್ಕದಲ್ಲಿ ರಭಸದಿಂದ ದಾಟುವ ಲಾರಿ—ಯಾವುದಾದರೊಂದು ಅದಕ್ಕೆ ಮೊದಲ ನೂಕನ್ನು ಕೊಡುತ್ತದೆ. ವೇಗ ಕಡಿಮೆಯಿದ್ದರೆ ಗಾಲಿಗಳ ಹಿಡಿತವು ಆ ಓಲಾಟವನ್ನು ತಾನಾಗಿ ತಗ್ಗಿಸುತ್ತದೆ. ಒಂದು ಮಿತಿಯನ್ನು ಮೀರಿತೆಂದರೆ ಪ್ರತಿಯೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಗಾಬರಿಯಾದ ಚಾಲಕ ಸ್ಟಿಯರಿಂಗನ್ನು ಆಚೆ ಈಚೆ ತಿರುಗಿಸಿದರೆ, ಅವನ ಕೈ ಅರೆಗಳಿಗೆ ತಡವಾಗಿ ತಲುಪುವುದರಿಂದ ಅವನೇ ಜೋಕಾಲಿ ನೂಕಿದಂತಾಗುತ್ತದೆ.

ಎರಡನೆಯ ಟ್ರೇಲರು ಹೆಚ್ಚು ಬೀಸುವುದಕ್ಕೂ ಕಾರಣವಿದೆ. ಕೈಕೈ ಹಿಡಿದು ಸಾಲಾಗಿ ಓಡುವ ಮಕ್ಕಳಲ್ಲಿ ಮುಂದಿನವನು ಸ್ವಲ್ಪ ಹೊರಳಿದರೂ ಕೊನೆಯವನು ದೂರಕ್ಕೆ ಎಸೆಯಲ್ಪಡುತ್ತಾನೆ. ಪ್ರತಿಯೊಂದು ಕೊಂಡಿಯ ಸಡಿಲು ಮುಂದಿನ ಕೊಂಡಿಯಲ್ಲಿ ಇಮ್ಮಡಿಸಿ ಕಾಣಿಸಿಕೊಳ್ಳುತ್ತದೆ. ಸವೆದ ಪಿನ್ನು, ಅಗಲವಾದ ತೂತು, ಗಾಳಿ ಇಳಿದ ಟಯರು—ಒಂದೊಂದೂ ಸಣ್ಣದು, ಕೂಡಿದಾಗ ದೊಡ್ಡದು.

ಇವೆಲ್ಲಕ್ಕೂ ಮಿಗಿಲಾದುದು ಹೊರೆಯನ್ನು ಒಟ್ಟುವ ಬಗೆ. ಇದನ್ನು ತಿಳಿಯಲು ದೊಡ್ಡ ಶಾಸ್ತ್ರ ಬೇಕಾಗಿಲ್ಲ; ನಮ್ಮ ಎತ್ತಿನ ಬಂಡಿಯೇ ಗುರು. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು, ನೊಗ ಎತ್ತುಗಳ ಕೊರಳನ್ನು ಒತ್ತುತ್ತದೆ. ಮುಂದಕ್ಕೆ ಹೆಚ್ಚಾದರೆ ಅವುಗಳ ಹೆಗಲು ಹುಣ್ಣಾಗುತ್ತದೆ. ಆದ್ದರಿಂದ ಹಳಬರು ಹೇರನ್ನು ಅಚ್ಚಿನ ಮೇಲೆ ನಿಲ್ಲಿಸಿ, ತುಸುವೇ ಮುಂಭಾರವಿರುವಂತೆ ಒಟ್ಟುತ್ತಿದ್ದರು. ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ ತೂಕ ತಿಳಿಯುತ್ತಿದ್ದರು. ಎತ್ತಿನ ಕೊರಳೇ ತಕ್ಕಡಿ.

ಎರಡು ಗಾಲಿಯ ಟ್ರೇಲರಿಗೂ ಇದೇ ನೀತಿ. ಅಮೆರಿಕದಲ್ಲಿ ಕಾರಿನ ಹಿಂದೆ ಟ್ರೇಲರು ಜೋಡಿಸುವವರಿಗೆ ಕಲಿಸುವ ಮೊದಲ ಪಾಠವೆಂದರೆ, ಒಟ್ಟು ತೂಕದ ನೂರರಲ್ಲಿ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳಬೇಕೆಂಬುದು. ಅದಕ್ಕಿಂತ ಕಡಿಮೆಯಾಗಿ ಹಿಂಭಾರವಾದರೆ ಬಾಲ ಬೀಸುವುದು ನಿಶ್ಚಯ. ಟ್ರ್ಯಾಕ್ಟರಿನಲ್ಲಿ ಮತ್ತೊಂದು ಅಪಾಯವೂ ಉಂಟು: ಕೊಂಡಿಯ ಮೇಲೆ ಭಾರ ಅತಿಯಾದರೆ ಮುಂಗಾಲಿಗಳು ಹಗುರಾಗಿ ಸ್ಟಿಯರಿಂಗಿನ ಮಾತನ್ನೇ ಕೇಳುವುದಿಲ್ಲ. ಏರುದಾರಿಯಲ್ಲಿ ಅವು ನೆಲ ಬಿಟ್ಟು ಮೇಲೇಳುವುದೂ ಉಂಟು. ನಾಲ್ಕು ಗಾಲಿಯ ಟ್ರೇಲರು ತನ್ನ ಭಾರವನ್ನು ತಾನೇ ಹೊರುವುದರಿಂದ ಈ ಪೀಡೆ ಕಡಿಮೆ. ಆದರೆ ಅದರ ಮುಂದಿನ ಅಚ್ಚು ತಿರುಗುವಂಥದಾದ್ದರಿಂದ ಅಲ್ಲಿನ ಸಡಿಲಿಕೆಯೂ ಓಲಾಟಕ್ಕೆ ಸೇರುತ್ತದೆ.

ಎತ್ತಿಗೂ ಯಂತ್ರಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಹೇರು ತಪ್ಪಿದರೆ ಎತ್ತು ಹೆಜ್ಜೆ ಕಿತ್ತಿಡುವುದಿಲ್ಲ. ತನ್ನ ನೋವಿನಿಂದಲೇ ಒಡೆಯನಿಗೆ ಎಚ್ಚರಿಕೆ ಕೊಡುತ್ತದೆ. ಯಂತ್ರಕ್ಕೆ ಕೊರಳಿಲ್ಲ. ಅದು ತಪ್ಪು ಹೇರನ್ನೂ ಮರುಮಾತಿಲ್ಲದೆ ಎಳೆಯುತ್ತದೆ, ಇಳಿಜಾರು ಬರುವ ತನಕ.

ತಪ್ಪಿಸುವ ದಾರಿ

ಹಾಗಾದರೆ ಉಪಾಯವೇನು? ಭಾರವಾದ ಟ್ರೇಲರು ಮುಂದೆ, ಹಗುರಾದುದು ಹಿಂದೆ ಇರಬೇಕು. ಕಬ್ಬು ಹಿಂದಕ್ಕೆ ಚಾಚದಂತೆ, ಎಡಬಲ ಸಮನಾಗುವಂತೆ, ಎತ್ತರ ಮೀರದಂತೆ ಒಟ್ಟಿ ಬಿಗಿಯಾಗಿ ಕಟ್ಟಬೇಕು. ಟಯರಿನ ಗಾಳಿಯನ್ನೂ ಕೊಂಡಿಯ ಪಿನ್ನನ್ನೂ ಪ್ರತಿ ಸಾರಿಗೂ ನೋಡಬೇಕು. ಟ್ರ್ಯಾಕ್ಟರಿನಲ್ಲಿ ಎಡ, ಬಲ ಹಿಂಗಾಲಿಗಳಿಗೆ ಬೇರೆಬೇರೆ ಬ್ರೇಕುಗಳಿರುತ್ತವೆ. ಹೊಲದಲ್ಲಿ ತಟ್ಟನೆ ತಿರುಗಲು ಮಾಡಿದ ಅನುಕೂಲವದು. ರಸ್ತೆಗೆ ಬಂದಾಗ ಎರಡೂ ಪೆಡಲುಗಳನ್ನು ಕೂಡಿಸಿ ಚಿಲಕ ಹಾಕದಿದ್ದರೆ ಒಂದೇ ಗಾಲಿ ನಿಂತು ವಾಹನ ಪಕ್ಕಕ್ಕೆ ಎಳೆಯುತ್ತದೆ. ಇಳಿಜಾರಿನಲ್ಲಿ ಗೇರು ಬಿಡಿಸಿ ಓಡಿಸುವುದಂತೂ ಮೃತ್ಯುವನ್ನು ಕರೆದಂತೆ. ಮೊದಲೇ ಸಣ್ಣ ಗೇರಿಗೆ ಬಂದು ಇಂಜಿನ್ನಿನ ಹಿಡಿತದಲ್ಲಿಯೇ ಇಳಿಯಬೇಕು.

ಓಲಾಟ ಶುರುವಾಗಿಬಿಟ್ಟರೆ? ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ಎಕ್ಸಲರೇಟರಿನ ಮೇಲಿನ ಕಾಲನ್ನು ಮೆಲ್ಲಮೆಲ್ಲನೆ ತೆಗೆಯಬೇಕು. ಟ್ರೇಲರಿಗೆ ಪ್ರತ್ಯೇಕ ಬ್ರೇಕಿದ್ದರೆ ಅದನ್ನು ಹದವಾಗಿ ಹಿಡಿಯಬಹುದು; ಹಿಂದಿನಿಂದ ಜಗ್ಗಿದಂತಾಗಿ ಸಾಲು ನೆಟ್ಟಗಾಗುತ್ತದೆ. ಟ್ರ್ಯಾಕ್ಟರಿನ ಬ್ರೇಕನ್ನು ಒಮ್ಮೆಲೇ ತುಳಿದರೆ ಮುಂದಿನದು ನಿಂತು, ಹಿಂದಿನ ಇಪ್ಪತ್ತು ಟನ್ನು ನುಗ್ಗಿ ಬಂದು, ಮೊಣಕೈ ಮಡಚಿದಂತೆ ಎಲ್ಲವೂ ಮಡಚಿಕೊಳ್ಳುತ್ತದೆ.

ಇಷ್ಟು ತಿಳಿದಿದ್ದರೂ ಹೇರು ಏಕೆ ಮಿತಿ ಮೀರುತ್ತದೆ? ಸಾಗಾಣಿಕೆಯ ಕೂಲಿ ಸಿಗುವುದು ಟನ್ನಿನ ಲೆಕ್ಕದಲ್ಲಿ. ಟ್ರ್ಯಾಕ್ಟರಿನ ಸಾಲದ ಕಂತು, ಕಬ್ಬು ಕಡಿಯುವ ಗ್ಯಾಂಗಿಗೆ ಕೊಟ್ಟ ಮುಂಗಡ, ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಕಾಯುವ ರಾತ್ರಿಗಳು. ಇವೆಲ್ಲ ಸೇರಿ ಇನ್ನೊಂದು ಹೊರೆಯನ್ನು ಟ್ರೇಲರಿನ ಮೇಲೇರಿಸುತ್ತವೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು ಮಿತಿಮೀರಿದ ಭಾರಕ್ಕೆ 20,000 ರೂಪಾಯಿಯನ್ನೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ದಂಡವೆಂದು ಗೊತ್ತುಮಾಡಿದೆ. ದಂಡದ ಭಯ ದಾರಿಯಲ್ಲಿ ಮಾತ್ರ. ಟನ್ನಿನ ಆಸೆ ಹೊಲದಲ್ಲಿಯೇ ಹುಟ್ಟುತ್ತದೆ. ಕೂಲಿಯ ಲೆಕ್ಕ ಬದಲಾಗದೆ ಹೇರಿನ ಲೆಕ್ಕ ಬದಲಾಗುವುದು ಕಷ್ಟ. ತೂಗುಗಟ್ಟೆ ಇರುವುದು ಕಾರ್ಖಾನೆಯ ಬಾಗಿಲಲ್ಲಿ. ಅಲ್ಲಿ ತೂಕವನ್ನು ಬರೆದುಕೊಳ್ಳುವವರು, ಮಿತಿ ಮೀರಿದ ಹೇರಿಗೆ ಕೂಲಿ ಇಲ್ಲವೆಂದರೆ, ಪೋಲೀಸರಿಂದ ಆಗದ ಕೆಲಸ ಒಂದು ಚೀಟಿಯಿಂದ ಆದೀತು.

ನೋಡಹೋಗುವವರಿಗೆ

ಮಕ್ಕಳೊಂದಿಗೆ ಆಲಮಟ್ಟಿಗೆ ಹೋಗುವವರು ಉದ್ಯಾನಗಳಿಗೂ ಸಂಜೆಯ ಸಂಗೀತ ಕಾರಂಜಿಗೂ ಸಾಕಷ್ಟು ಹೊತ್ತು ಇಟ್ಟುಕೊಳ್ಳುವುದು ಮೇಲು. ಸಮೀಪದ ಯಲಗೂರಿನಲ್ಲಿ ಹನುಮಂತ ದೇವರ ದರ್ಶನ ಮಾಡಬಹುದು. ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮವೂ ದೂರವಲ್ಲ. ಬೀಳಗಿಯ ಕಡೆಯಿಂದ ಬರುವವರು ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆಯನ್ನು ದಾಟಿ, ಕೊಲ್ಹಾರದಲ್ಲಿ ಗಟ್ಟಿ ಮೊಸರಿನ ರುಚಿ ನೋಡದೆ ಮುಂದೆ ಹೋಗಬಾರದು.

ಹೋಗುವ ಕಾಲ ಚಳಿಗಾಲವಾದರೆ ಒಂದು ಮಾತು ನೆನಪಿರಲಿ. ಕಬ್ಬಿನ ಟ್ರೇಲರಿನ ಹಿಂದೆ ಬಹು ಸಮೀಪ ಹೋಗಬೇಡಿರಿ. ಹಾಡಿನ ಅಬ್ಬರದಲ್ಲಿ ನಿಮ್ಮ ಹಾರ್ನು ಚಾಲಕನಿಗೆ ಕೇಳಿತೆಂದು ನಂಬಬೇಡಿರಿ. ಬಾಲ ಬೀಸುತ್ತಿದ್ದರೆ ದಾಟುವ ಆತುರ ಬೇಡ. ನೆಟ್ಟನೆಯ ದಾರಿ ಬಂದು ಎರಡು ಟ್ರೇಲರುಗಳ ಪೂರ್ತಿ ಉದ್ದಕ್ಕೂ ಜಾಗ ಸಿಕ್ಕ ಮೇಲೆ ಅಗಲವಾಗಿ ಬಳಸಿ ದಾಟಿರಿ. ಕತ್ತಲಾದ ಮೇಲೆ ಇನ್ನೂ ಎಚ್ಚರ. ಹಿಂದೆ ಕೆಂಪು ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇಲ್ಲದೆ, ಗಾಲಿ ಕೆಟ್ಟು ನಿಂತ ಟ್ರೇಲರು ಎರೆನೆಲದ ಕಪ್ಪಿನಲ್ಲಿ ಕರಗಿಹೋಗಿರುತ್ತದೆ. ಅಂಗೈಯಗಲದ ಕೆಂಪು ಪಟ್ಟಿಗೆ ತಗಲುವ ಖರ್ಚು ಕೆಲವೇ ರೂಪಾಯಿ. ಅದು ಉಳಿಸುವುದು ಒಂದು ಮನೆಯನ್ನು.

ಊರಿನ ತೇರನ್ನು ಎಳೆಯುವಾಗ ಹಗ್ಗ ಹಿಡಿಯುವವರು ನೂರಾರು ಮಂದಿ. ಆದರೆ ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು, ಬೇಕಾದಲ್ಲಿ ತಡೆದು, ಬೇಕಾದಲ್ಲಿ ತಿರುಗಿಸುವ ನಾಲ್ಕು ಜನರಿಲ್ಲದಿದ್ದರೆ ತೇರು ಸುರಕ್ಷಿತವಾಗಿ ಪಾದಗಟ್ಟೆ ಮುಟ್ಟಲಾರದು. ಕೃಷ್ಣೆಯ ನೀರು ಈ ನೆಲಕ್ಕೆ ಎಳೆಯುವ ಬಲವನ್ನು ಕೊಟ್ಟಿದೆ. ತಡೆಯುವ ಎಚ್ಚರವನ್ನು ಕಬ್ಬು ಬೆಳೆದವರು, ಸಾಗಿಸುವವರು, ಕೊಳ್ಳುವವರು ಒಟ್ಟಾಗಿ ಕೂಡಿಸಿಕೊಳ್ಳಬೇಕಾಗಿದೆ.