ಸಾವಿನ ನಕ್ಷೆಯಲ್ಲಿ ನಮ್ಮ ಮನೆ ಎಲ್ಲಿದೆ?

ಕ್ಯಾನ್ಸರ್ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುವ ಮನೆಗಳು ಈಗಲೂ ನಮ್ಮ ನಡುವೆ ಇವೆ. ‘ಆ ಕಾಯಿಲೆ’, ‘ದೊಡ್ಡ ರೋಗ’ ಎಂದು ತಗ್ಗಿದ ದನಿಯಲ್ಲಿ ಹೇಳಿ ಮಾತು ಬದಲಿಸುತ್ತೇವೆ. ಯಾರಾದರೂ ತೀರಿಕೊಂಡರೆ “ಅವರ ಆಯುಸ್ಸು ಅಷ್ಟೇ ಇತ್ತು” ಎನ್ನುವಲ್ಲಿಗೆ ಎಲ್ಲವೂ ಮುಗಿಯುತ್ತದೆ. ಆಯುಸ್ಸು ಅಲ್ಲಾಹನ ಕೈಯಲ್ಲಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ದೇಶದ ಒಂದು ಭಾಗದಲ್ಲಿ ಈ ರೋಗಕ್ಕೆ ಬಲಿಯಾಗುವವರು ಬಹಳ ಹೆಚ್ಚು, ಇನ್ನೊಂದು ಭಾಗದಲ್ಲಿ ಬಹಳ ಕಡಿಮೆ ಎಂದಾದರೆ ಅದಕ್ಕೊಂದು ಕಾರಣ ಇರಬೇಕಲ್ಲವೇ? ಕಾರಣ ಇದೆ ಎಂದಾದರೆ ಅದನ್ನು ತಿಳಿದುಕೊಳ್ಳುವ ಹೊಣೆಯೂ ನಮ್ಮ ಮೇಲಿದೆ.

ನಾನು ಹೆಣ್ಣುಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವವಳು. ಮಳೆಯ ನಕ್ಷೆಯಲ್ಲಿ ಮೇಘಾಲಯ ಕಡು ಬಣ್ಣದಲ್ಲಿ, ರಾಜಸ್ಥಾನ ತಿಳಿ ಬಣ್ಣದಲ್ಲಿ ಇರುವುದನ್ನು ವರ್ಷ ವರ್ಷವೂ ತೋರಿಸುತ್ತೇನೆ. ಕ್ಯಾನ್ಸರ್ ಸಾವಿಗೂ ಇಂಥದೇ ಒಂದು ನಕ್ಷೆ ಇದೆ ಎಂದು ತಿಳಿದದ್ದು 2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ನಮ್ಮ ದೇಶದಲ್ಲಿ ಬಹಳಷ್ಟು ಮಂದಿ ಆಸ್ಪತ್ರೆಯಲ್ಲಲ್ಲ, ಮನೆಯಲ್ಲೇ ಕಣ್ಣು ಮುಚ್ಚುತ್ತಾರೆ. ಸಾವಿಗೆ ಕಾರಣವೇನೆಂದು ವೈದ್ಯರು ಬರೆದಿಡುವುದಿಲ್ಲ. ಆದ್ದರಿಂದ ತರಬೇತಿ ಪಡೆದ ಗಣತಿದಾರರು ದೇಶದ 6,671 ಸಣ್ಣ ಪ್ರದೇಶಗಳ ಸುಮಾರು 11 ಲಕ್ಷ ಮನೆಗಳಲ್ಲಿ 2001ರಿಂದ 2003ರವರೆಗೆ ಸಂಭವಿಸಿದ ಸಾವುಗಳ ಬಗ್ಗೆ ಮನೆಯವರನ್ನೇ ವಿಚಾರಿಸಿದರು. ಪ್ರತಿಯೊಂದು ವರದಿಯನ್ನೂ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ನಿರ್ಧರಿಸಿದರು. ಒಟ್ಟು 1,22,429 ಸಾವುಗಳಲ್ಲಿ 7,137 ಕ್ಯಾನ್ಸರ್‌ನಿಂದ ಆದವು. ಇದರ ಆಧಾರದಲ್ಲಿ 2010ರಲ್ಲಿ ದೇಶದಲ್ಲಿ 5,56,400 ಮಂದಿ ಈ ರೋಗಕ್ಕೆ ಬಲಿಯಾದರೆಂದು ಅಂದಾಜಿಸಲಾಯಿತು. ಅವರಲ್ಲಿ ನೂರಕ್ಕೆ 71 ಮಂದಿ 30ರಿಂದ 69 ವರ್ಷದೊಳಗಿನವರು. ಅಂದರೆ ಮನೆ ನಡೆಸುವ, ಮಕ್ಕಳನ್ನು ಸಾಕುವ ವಯಸ್ಸಿನವರು.

ಈಶಾನ್ಯ ಭಾರತದ 30 ವರ್ಷದ ಒಬ್ಬ ಪುರುಷ 70 ತುಂಬುವ ಮೊದಲೇ ಕ್ಯಾನ್ಸರ್‌ನಿಂದ ಸಾಯುವ ಸಂಭವ ಶೇಕಡಾ 11.2. ಅದೇ ಬಿಹಾರ, ಜಾರ್ಖಂಡ್, ಒಡಿಶಾದಲ್ಲಿ ಶೇಕಡಾ 3ಕ್ಕಿಂತಲೂ ಕಡಿಮೆ. ಪಟ್ಟಣದ ಹೊಗೆ, ಧೂಳು, ಹೋಟೆಲ್ ತಿಂಡಿಯೇ ಇದಕ್ಕೆಲ್ಲ ಮೂಲ ಎಂದು ನಾವು ಹೇಳುವುದುಂಟು. ಆದರೆ ಪಟ್ಟಣಕ್ಕೂ ಹಳ್ಳಿಗೂ ನಡುವೆ ಹೇಳಿಕೊಳ್ಳುವಂಥ ಅಂತರ ಕಂಡುಬರಲಿಲ್ಲ. ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿ ನೋಡಿದಾಗ ಲಕ್ಷ ಹೆಂಗಸರಿಗೆ ಹಳ್ಳಿಯಲ್ಲಿ 96.6, ಪಟ್ಟಣದಲ್ಲಿ 91.2 ಸಾವುಗಳು.

ಈಶಾನ್ಯದಲ್ಲಿ ಯಾಕೆ ಹೀಗೆ? ಅಲ್ಲಿನ ದೊಡ್ಡ ಕಾರಣ ತಂಬಾಕು. ಮಿಜೋರಾಮಿನಲ್ಲಿ ತಂಬಾಕಿನ ಹೊಗೆಯನ್ನು ನೀರಿನಲ್ಲಿ ಹಾಯಿಸಿ, ಆ ನೀರನ್ನು ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸವಿದೆ. ಅದಕ್ಕೆ ತುಯಿಬುರ್ ಎನ್ನುತ್ತಾರೆ. ಹೆಂಗಸರೂ ಅದನ್ನು ಬಳಸುತ್ತಾರೆ. ಅಸ್ಸಾಮಿನಲ್ಲಿ ಹಸಿ ಅಡಿಕೆ, ಸುಣ್ಣ, ತಂಬಾಕು ಅತಿಥಿ ಸತ್ಕಾರದ ಭಾಗ. ಯಾರಿಗೂ ಅದೊಂದು ಚಟ ಎನಿಸುವುದಿಲ್ಲ, ಮರ್ಯಾದೆ ಎನಿಸುತ್ತದೆ.

ಇದನ್ನು ಓದುವಾಗ ನನಗೆ ನನ್ನ ದೊಡ್ಡ ಖಾಲಾ ನೆನಪಾದರು. ಅವರ ಹಿತ್ತಾಳೆಯ ಪಾನ್‌ದಾನ್ ನಮ್ಮ ಕುಟುಂಬದಲ್ಲೇ ಪ್ರಸಿದ್ಧ. ಸುಣ್ಣ, ಕಾಚು, ಅಡಿಕೆ, ಜರ್ದಾ ಎಲ್ಲಕ್ಕೂ ಬೇರೆ ಬೇರೆ ಗಿಂಡಿ. ಮದುವೆಯ ಮಾತುಕತೆಗೆ ಬಂದವರಿಗೆ ಅವರ ಕೈಯ ಪಾನ್ ಸಿಗಲೇಬೇಕು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿಕೊಂಡಾಗ “ಸುಣ್ಣ ಸುಟ್ಟಿದೆ” ಎಂದು ನಕ್ಕರು. ಖಾರ ತಿನ್ನಲಾಗುತ್ತಿಲ್ಲ ಎಂದು ಮಕ್ಕಳಿಗೆ ಬೇರೆ, ತಮಗೆ ಬೇರೆ ಸಾರು ಮಾಡಿಕೊಂಡರು. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದಾದ ಮೇಲೆ ಆಸ್ಪತ್ರೆಗೆ ಹೋದರು. ಆಮೇಲೆ ಅವರು ಬದುಕಿದ್ದು ಏಳು ತಿಂಗಳು. ಅವರು ಎಂದೂ ಬೀಡಿ ಸೇದಿದವರಲ್ಲ, ಗುಟ್ಕಾ ಮುಟ್ಟಿದವರಲ್ಲ. ಮಿಜೋರಾಮಿನ ತುಯಿಬುರ್‌ಗೂ ನಮ್ಮ ಖಾಲಾರ ಜರ್ದಾಕ್ಕೂ ಹೆಸರು ಬೇರೆ, ಒಳಗಿರುವ ವಿಷ ಒಂದೇ. ಬೆಳಗಾವಿ, ಕಲಬುರಗಿ ಕಡೆಯ ಸೋದರಿಯರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ಹುರಿದ ಹೊಗೆಸೊಪ್ಪೇ.

ಅದೇ ಅಧ್ಯಯನದಲ್ಲಿ ನಮ್ಮ ಬಗ್ಗೆಯೂ ಒಂದು ಮಾತಿದೆ. ಗರ್ಭಕೊರಳಿನ ಕ್ಯಾನ್ಸರ್‌ನಿಂದಾಗುವ ಸಾವು ಮುಸ್ಲಿಂ ಮಹಿಳೆಯರಲ್ಲಿ ಸಾಕಷ್ಟು ಕಡಿಮೆ. ದೇಶದ ಸರಾಸರಿಯನ್ನು 1 ಎಂದಿಟ್ಟರೆ ಮುಸ್ಲಿಂ ಮಹಿಳೆಯರಲ್ಲಿ ಅದು 0.68. ಪುರುಷರ ಖತ್ನಾದಿಂದಾಗಿ ಈ ರೋಗದ ವೈರಸ್ ಹರಡುವುದು ಕಡಿಮೆ ಎಂದು ಸಂಶೋಧಕರು ಇದಕ್ಕೆ ಕಾರಣ ಕೊಡುತ್ತಾರೆ. ಮಹಿಳೆಯರ ಒಂದು ಕೂಟದಲ್ಲಿ ನಾನಿದನ್ನು ಹೇಳಿದಾಗ ಒಬ್ಬರು ನಿಟ್ಟುಸಿರು ಬಿಟ್ಟು, “ಹಾಗಾದರೆ ನಮಗೆ ಭಯವಿಲ್ಲ ಬಿಡಿ ಟೀಚರ್” ಎಂದರು. “ಆಪಾ, 0.68 ಎಂದರೆ ಸೊನ್ನೆ ಅಲ್ಲ” ಎಂದೆ. ಸ್ತನದ ಕ್ಯಾನ್ಸರ್‌ಗೆ, ಬಾಯಿಯ ಕ್ಯಾನ್ಸರ್‌ಗೆ ಈ ರಿಯಾಯಿತಿಯೂ ಇಲ್ಲ. ಒಂದು ಕಡೆಯ ಸಮಾಧಾನ ಇನ್ನೊಂದು ಕಡೆಯ ಅಲಕ್ಷ್ಯಕ್ಕೆ ನೆಪವಾಗಬಾರದು.

ಆ ನೆಪ ಎಷ್ಟು ದುಬಾರಿ ಎನ್ನುವುದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಮೂರು ಮಕ್ಕಳ ತಾಯಿಯೊಬ್ಬರು ಎದೆಯಲ್ಲಿನ ಗಂಟನ್ನು ಒಂದೂವರೆ ವರ್ಷ ಯಾರಿಗೂ ಹೇಳಲಿಲ್ಲ. ನೋವಿರಲಿಲ್ಲ, ತೋರಿಸಲು ನಾಚಿಕೆ, ವೈದ್ಯರು ಗಂಡಸರಾದರೆ ಎಂಬ ಅಳುಕು. ಹಯಾ ನಮ್ಮ ಒಡವೆ. ಆದರೆ ಜೀವ ಉಳಿಸಿಕೊಳ್ಳಲು ವೈದ್ಯರ ಬಳಿ ಹೋಗುವುದನ್ನು ಹಯಾ ಎಂದೂ ತಡೆಯುವುದಿಲ್ಲ. ಮಹಿಳಾ ವೈದ್ಯರನ್ನು ಕೇಳಿ ಪಡೆಯಬಹುದು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ರೋಗ ಮಾತ್ರ ನಮ್ಮ ಸಂಕೋಚ ಕಳೆಯುವವರೆಗೆ ಕಾದು ಕೂರುವುದಿಲ್ಲ.

ಈ ನಕ್ಷೆ ಕಲ್ಲಿನ ಮೇಲೆ ಕೊರೆದದ್ದಲ್ಲ ಎಂಬುದೇ ಸಂತೋಷದ ಸಂಗತಿ. 1990ರಿಂದ 2016ರ ನಡುವೆ ದೇಶದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಪ್ರಮಾಣ ಹತ್ತಿರ ಹತ್ತಿರ ಶೇಕಡಾ 40ರಷ್ಟು ಇಳಿಯಿತು. ಸ್ತನ ಕ್ಯಾನ್ಸರ್ ಸುಮಾರು ಅಷ್ಟೇ ಏರಿತು. ಬೆಂಗಳೂರಿನ ಹೆಂಗಸರಲ್ಲಿ 1980ರ ದಶಕದಲ್ಲಿ ಗರ್ಭಕೊರಳಿನದು ಮೊದಲ ಸ್ಥಾನದಲ್ಲಿತ್ತು, ಈಗ ಆ ಸ್ಥಾನ ಸ್ತನ ಕ್ಯಾನ್ಸರಿನದು. ಮಹಾರಾಷ್ಟ್ರದ ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ ನಡೆದ ಪ್ರಯೋಗದಲ್ಲಿ ಒಂದೇ ಒಂದು ಸಲ ವೈರಸ್ ಪರೀಕ್ಷೆ ಮಾಡಿಸಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟದ್ದರಿಂದ ಗರ್ಭಕೊರಳಿನ ಕ್ಯಾನ್ಸರ್ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದರಷ್ಟು ತಗ್ಗಿತು. ಪುಟ್ಟ ರಾಜ್ಯ ಸಿಕ್ಕಿಂ 2018ರಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿಸಿತು. ಇವೆಲ್ಲ ಪವಾಡಗಳಲ್ಲ. ಬ್ಯಾಟರಿ ಬೆಳಕು, ಒಂದು ಸೂಜಿ, ಒಂದು ಪರೀಕ್ಷೆ, ಅಷ್ಟೆ.

ಸೋದರಿಯರೇ, ನಮ್ಮ ಕೈಯಲ್ಲಿರುವುದು ಏನು? ಮೂವತ್ತು ದಾಟಿದವರ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಗೆ ಸರಕಾರ 2016ರಲ್ಲೇ ಕಾರ್ಯಕ್ರಮ ರೂಪಿಸಿದೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ “ನಮಗೇನೂ ಆಗಿಲ್ಲ” ಎಂದು ಕಳುಹಿಸಬೇಡಿ, ಕೂರಿಸಿ ಕೇಳಿ. ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಳ್ಳಿ. ಅತಿಥಿಗೆ ಎಲೆ ಕೊಡದಿದ್ದರೆ ಮರ್ಯಾದೆ ಹೋಗುವುದಿಲ್ಲ, ಒಂದು ಲೋಟ ಶರಬತ್ತಿನಲ್ಲೂ ಪ್ರೀತಿ ತೋರಿಸಬಹುದು.

ಇನ್ನೊಂದು ಮಾತು. ಆ ಅಧ್ಯಯನದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಗಡಿ ಯಾವ ನಕ್ಷೆಯಲ್ಲೂ ಇಲ್ಲ. ಓದು ಬರಹ ಬಾರದ ಲಕ್ಷ ಹೆಂಗಸರಿಗೆ ಕ್ಯಾನ್ಸರ್ ಸಾವು 106.7. ಹೆಚ್ಚು ಓದಿದ ಹೆಂಗಸರಲ್ಲಿ ಅದು 43.4. ಅರ್ಧಕ್ಕಿಂತಲೂ ಕಡಿಮೆ! ಅಕ್ಷರಕ್ಕೆ ಔಷಧದ ಗುಣ ಇಲ್ಲ, ನಿಜ. ಆದರೆ ಓದಿದವಳು ಪೊಟ್ಟಣದ ಮೇಲಿನ ಎಚ್ಚರಿಕೆ ಓದುತ್ತಾಳೆ, ಗಂಟು ಕಂಡರೆ ಬೇಗ ಹೇಳುತ್ತಾಳೆ, ವೈದ್ಯರಿಗೆ ಮರುಪ್ರಶ್ನೆ ಕೇಳುತ್ತಾಳೆ, ಅವಳ ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಪ್ರತಿ ವರ್ಷ ಜೂನ್‌ನಲ್ಲಿ ನನ್ನ ತರಗತಿಯ ಹಾಜರಿ ಪುಸ್ತಕದಿಂದ ಎರಡೋ ಮೂರೋ ಹೆಣ್ಣುಮಕ್ಕಳ ಹೆಸರು ಕಾಣೆಯಾಗುತ್ತದೆ. ವಿಚಾರಿಸಿದರೆ “ಇಷ್ಟು ಓದಿದ್ದು ಸಾಕು ಟೀಚರ್, ಸಂಬಂಧ ಬಂದಿದೆ” ಎನ್ನುತ್ತಾರೆ. ಮಗಳ ಶಾಲೆ ಬಿಡಿಸುವ ಮೊದಲು ಆ ಎರಡು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿ. ಅವಳನ್ನು ಯಾವ ಬದಿಯಲ್ಲಿ ನಿಲ್ಲಿಸುತ್ತಿದ್ದೇವೆ ಎಂಬುದು ಆಗ ಕಾಣುತ್ತದೆ.