ಕಾಗಿಣಾ ಸೀಮೆಯಲ್ಲಿ ಬಾನುಲಿಯ ಬೆನ್ನುಹತ್ತಿ

ಕಲಬುರಗಿಯಿಂದ ಹೊರಟು ಶಹಾಬಾದು, ವಾಡಿ, ಚಿತ್ತಾಪುರ, ಸೇಡಂಗಳ ಮಾರ್ಗವಾಗಿ ಚಿಂಚೋಳಿಯವರೆಗೆ ಮೋಟಾರಿನಲ್ಲಿ ಸಂಚರಿಸುವ ಸುಯೋಗವು 2021ನೆಯ ಇಸವಿಯ ನವೆಂಬರ ತಿಂಗಳಲ್ಲಿ ನಮಗೆ ಒದಗಿತು. ತೊಗರಿಯ ಹೊಲಗಳು ಹಳದಿ ಹೂ ತಳೆದು ನಿಂತಿದ್ದ ಕಾಲವದು. ಕಾರು ನಮ್ಮ ಮಿತ್ರರದು. ಅವರು ಚಿಂಚೋಳಿಯ ಕಡೆಯ ಒಕ್ಕಲುತನದ ಮನೆತನದವರು. ಅವರ ಚಿರಂಜೀವನು ಅಮೆರಿಕೆಯಲ್ಲಿ ಉದ್ಯೋಗದಲ್ಲಿರುವನು. ಅಲ್ಲಿ ತನ್ನ ಕಾರಿನ ರೇಡಿಯೋಕ್ಕೆ ಉಪಗ್ರಹದಿಂದಲೇ ನೇರವಾಗಿ ಹಾಡು, ಸುದ್ದಿಗಳು ಇಳಿದು ಬರುವುವೆಂದೂ, ತಂದೆಯ ಕಾರಿಗೂ ಅಂಥದೊಂದನ್ನು ಕೂಡಿಸಬೇಕೆಂದೂ, ಖರ್ಚಿಗೆ ಹಣವನ್ನು ತಾನೇ ಕಳಿಸುವೆನೆಂದೂ ಅವನು ತಿಳಿಸಿದ್ದನು. ಮಿತ್ರರಿಗೆ ಮಗನ ಮಾತನ್ನು ಮೀರಲು ಮನಸ್ಸಿಲ್ಲ. ಹಣವನ್ನು ನೀರಿಗೆ ಹಾಕಲೂ ಮನಸ್ಸಿಲ್ಲ. ದಾರಿಯಲ್ಲಿ ಇದನ್ನೂ ವಿಚಾರಿಸಿಬಿಡುವುದೆಂದು ನಿಶ್ಚಯವಾಯಿತು.

ಶಹಾಬಾದಿನ ಹೆಸರನ್ನು ಕೇಳದ ಗೃಹಸ್ಥರು ನಮ್ಮ ವಾಚಕರಲ್ಲಿ ಇರಲಾರರು. ಬೇಸಿಗೆಯಲ್ಲಿ ಅಂಗಾಲಿಗೆ ತಂಪು ಕೊಡುವ ಆ ಬೂದುಬಣ್ಣದ ಹಾಸುಗಲ್ಲು ಇಲ್ಲಿಯದೇ. ಭೂಮಿಯನ್ನು ಅಗೆದಲ್ಲೆಲ್ಲ ಕಲ್ಲು ಪುಸ್ತಕದ ಹಾಳೆಗಳಂತೆ ಪದರು ಪದರಾಗಿ ಏಳುತ್ತದೆ. ಕಾಂಪೌಂಡಿನ ಗೋಡೆಗೂ ಚಪ್ಪಡಿಗಳನ್ನೇ ನಿಲ್ಲಿಸಿಬಿಡುತ್ತಾರೆ. ಊರ ಹೊರಗೆ ಕಾರುಗಳ ವಿದ್ಯುತ್ ಕೆಲಸ ಮಾಡುವ ಒಬ್ಬ ಮಿಸ್ತ್ರಿಯ ಅಂಗಡಿಯ ಮುಂದೆ ನಿಂತೆವು. ಮಿತ್ರರು ವಿಷಯವನ್ನು ಅರುಹಿದರು. ಆತನು ಕೈಯೊರಸಿಕೊಳ್ಳುತ್ತ, "ಡಬ್ಬಿ ಕೂಡ್ಸೋದು ದೊಡ್ಡ ಮಾತಲ್ರಿ ಸಾಹೇಬ್ರೆ. ತಂದು ಕೊಟ್ರ ತಾರ ಜೋಡಿಸಿ ಕೊಡ್ತೀನಿ. ಆದ್ರ ಮ್ಯಾಲಿಂದ ಮಾತಾಡೋರು ಯಾರು ಅದಾರ್ರಿ?" ಎಂದನು. ಇದಕ್ಕಿಂತ ಸ್ಪಷ್ಟವಾಗಿ ಯಾವ ಇಂಜಿನಿಯರನೂ ಹೇಳಲಾರನು.

ಅಮೆರಿಕೆಯ ಏರ್ಪಾಡು ಹೀಗಿರುತ್ತದೆ. ಕಾರಿನೊಡನೆ ಕಾರ್ಖಾನೆಯಿಂದಲೇ ಬಂದ ರೇಡಿಯೋದ ಹಿಂಬದಿಯಲ್ಲಿ ಒಂದು ಹೆಚ್ಚಿನ ಕಿಂಡಿಯನ್ನು ಬಿಟ್ಟಿರುವುದುಂಟು. ಸಣ್ಣ ಗ್ರಾಹಕಯಂತ್ರವೊಂದನ್ನು ಮುಂಬದಿಯ ಹಲಗೆಯ ಹಿಂದೆ ಅಡಗಿಸಿ, ಅದರ ತಂತಿಯನ್ನು ಆ ಕಿಂಡಿಗೆ ಸೇರಿಸಿದರೆ, ಹಳೆಯ ಗುಂಡಿಗಳಿಂದಲೇ ಹೊಸ ನಿಲಯಗಳನ್ನು ಆರಿಸಬಹುದು. ಮಾಡಿನ ಮೇಲೆ ಹೋಳುಮಾಡಿದ ಲಿಂಬೆಹಣ್ಣಿನಂಥ ಪುಟ್ಟ ಆಂಟೆನಾ. ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆ. ಚಂದಾ ಸಲ್ಲಿಸಿದ ಮೇಲೆ ಆ ಸಂಖ್ಯೆಗೆ ಉಪಗ್ರಹದಿಂದಲೇ ಅಪ್ಪಣೆ ಬಂದು ಬಾಯಿ ಬಿಡಿಸುತ್ತದೆ. ಎಕ್ಸ್‌ಎಂ ಎಂಬ ಸಂಸ್ಥೆಯು 2001ರಲ್ಲಿಯೂ, ಸಿರಿಯಸ್ ಎಂಬುದು 2002ರಲ್ಲಿಯೂ ಈ ಸೇವೆಯನ್ನು ಆರಂಭಿಸಿ, 2008ರಲ್ಲಿ ಎರಡೂ ಒಂದಾದುವು. ಆದರೆ ಅವರ ಪ್ರಸಾರವು ಉತ್ತರ ಅಮೆರಿಕೆಯ ಮೇಲೆ ಮಾತ್ರ. ಆ ಯಂತ್ರವನ್ನು ಹಡಗಿನಲ್ಲಿ ತರಿಸಿ ಚಿಂಚೋಳಿಯ ಕಾರಿಗೆ ಬಿಗಿದರೆ ಅದು ಕಿವುಡನ ಮನೆಗೆ ಕೊಟ್ಟ ತಂಬೂರಿಯಾದೀತು.

ಹಾಗೆಂದು ನಮ್ಮ ದೇಶಕ್ಕೆ ಇದು ಅಪರಿಚಿತವೇನಲ್ಲ. ವಾಡಿಯ ದಾರಿಯಲ್ಲಿ ಮಿತ್ರರೇ ನೆನಪು ತೆಗೆದರು. ಅವರ ಮನೆಯಲ್ಲಿ ಒಂದು ಕಾಲಕ್ಕೆ 'ವರ್ಲ್ಡ್‌ಸ್ಪೇಸ್' ಯಂತ್ರವಿದ್ದಿತಂತೆ. 2000ನೆಯ ಇಸವಿಯ ಮಾರ್ಚಿಯಲ್ಲಿ 'ಏಷಿಯಾಸ್ಟಾರ್' ಎಂಬ ಉಪಗ್ರಹವನ್ನು ಹಾರಿಸಿ, ಬೆಂಗಳೂರಿನಲ್ಲಿ ಕಚೇರಿ ತೆರೆದು ನಡೆಸಿದ ಸೇವೆ ಅದು. 'ಸ್ಪರ್ಶ' ಎಂಬ ಕನ್ನಡ ವಾಹಿನಿಯೂ, ಕರ್ನಾಟಕ ಸಂಗೀತಕ್ಕೂ ಹಿಂದುಸ್ತಾನಿಗೂ ಬೇರೆ ಬೇರೆ ವಾಹಿನಿಗಳೂ ಇದ್ದುವು. ಅಂಗೈಯಗಲದ ಆಂಟೆನಾವನ್ನು ಕಿಟಕಿಯಲ್ಲಿ ಆಗ್ನೇಯಕ್ಕೆ ತಿರುಗಿಸಿಟ್ಟರೆ, ಸುಮಾರು 36,000 ಕಿಲೋಮೀಟರಿನ ಮೇಲಿನಿಂದ ಹಾಡು ಬರುತ್ತಿತ್ತು. ಮರದ ಕೊಂಬೆಯೊಂದು ಅಡ್ಡ ಬಂದರೆ ಮೌನ! ಓಡುವ ಕಾರಿಗಾದರೋ, ಕಟ್ಟಡಗಳ ನೆರಳಿನಲ್ಲಿ ಕೈಕೊಡದಿರಲು ನೆಲದ ಮೇಲೂ ಮರುಪ್ರಸಾರದ ಗೋಪುರಗಳು ಬೇಕು. ಆ ಸೌಕರ್ಯ ನಮ್ಮಲ್ಲಿ ಬರುವ ಮೊದಲೇ ಸಂಸ್ಥೆಯು ದಿವಾಳಿಯೆದ್ದು, 2009ರ ದಶಂಬರ 31ರಂದು ಇಲ್ಲಿಯ ಸೇವೆಯು ನಿಂತಿತು. ಚಂದಾ ಕೊಟ್ಟವರ ಕೈಯಲ್ಲಿ ಬರಿಯ ಪೆಟ್ಟಿಗೆಗಳು ಉಳಿದುವು. 1935ರಲ್ಲಿ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ನೆಲೆಗೊಳಿಸಿದ ನಿಲಯಕ್ಕೆ 'ಆಕಾಶವಾಣಿ'ಯೆಂಬ ಹೆಸರು ಬಂದಿತಷ್ಟೆ. ಆಕಾಶದಿಂದಲೇ ಬಂದ ವಾಣಿ ಹತ್ತು ವರ್ಷ ಬಾಳಲಿಲ್ಲ, ನೆಲದ ಕಂಬದಿಂದ ಹೊರಟದ್ದು ಬಾಳಿತು.

ವಾಡಿಯು ರೈಲಿನ ಊರು. ಮುಂಬಯಿ–ಮದ್ರಾಸು ದಾರಿಯಿಂದ ಹೈದರಾಬಾದಿಗೆ ಕವಲೊಡೆಯುವುದು ಇಲ್ಲಿಯೇ. ನಿಜಾಮರ ಆ ಕವಲು 1874ರದು. ಸಿಮೆಂಟಿನ ಕಾರ್ಖಾನೆಯ ಧೂಳು ಎಲೆಗಳ ಮೇಲೆಲ್ಲ ಕುಳಿತಿತ್ತು. ಕಾರಿನ ರೇಡಿಯೋದಲ್ಲಿ ಮಧ್ಯಮ ತರಂಗವನ್ನು ತಿರುಗಿಸಿದರೆ, ಭಾರಿ ವಿದ್ಯುತ್ ತಂತಿಗಳ ಕೆಳಗೆ ಬರಿಯ ಗರಗರ ಸದ್ದು. ಚಿತ್ತಾಪುರದತ್ತ ಸರಿದಂತೆ ಸದ್ದು ಅಡಗಿ ಕಲಬುರಗಿ ನಿಲಯವು ಕೇಳಿಸಹತ್ತಿತು, ಆದರೂ ಕ್ಷೀಣ. ಚಿತ್ತಾಪುರದ ಬಳಿ ನಾಗಾವಿಯನ್ನು ಕಂಡೆವು. ಚಾಲುಕ್ಯರ ಕಾಲದಲ್ಲಿ ದೊಡ್ಡ ಘಟಿಕಾಸ್ಥಾನವಾಗಿದ್ದ ಊರು. ಈಗ ಕಂಬಗಳ ನಡುವೆ ಆಡುಗಳು ಮೇಯುತ್ತಿದ್ದುವು.

ಅಲ್ಲಿಂದ ಸ್ವಲ್ಪ ಸುತ್ತಿ ಮಳಖೇಡಕ್ಕೆ ಹೋದೆವು. ರಾಷ್ಟ್ರಕೂಟರ ಮಾನ್ಯಖೇಟವಿದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಸಾರಿದ 'ಕವಿರಾಜಮಾರ್ಗ'ವು ಈ ಆಸ್ಥಾನದಲ್ಲಿ ಹುಟ್ಟಿತು. ಕೋಟೆಯ ಕೆಳಗೆ ಹರಿಯುವ ಕಾಗಿಣಾ ನೋಡಲು ಸಾಧು. ಮಳೆಗಾಲದಲ್ಲಿ ಉಕ್ಕಿದಳೆಂದರೆ ಸೇತುವೆಯೇ ಮುಳುಗಿ ಕಲಬುರಗಿ–ಸೇಡಂ ದಾರಿ ಕಡಿದುಹೋಗುತ್ತದೆ. ದಡದ ಚಹದ ಅಂಗಡಿಯಲ್ಲಿ ನಿಂತು ನೋಡಿದಾಗ ಮಿತ್ರರು, "ನೀರು ಏರಿದ್ದು ಇಲ್ಲಿಗೆ ಬಂದ ಮ್ಯಾಲೇ ಗೊತ್ತಾಗ್ತದ ನೋಡ್ರಿ," ಎಂದು ಮೆಲ್ಲನೆ ಹೇಳಿದರು. ಕಾರಿನಲ್ಲಿ ರೇಡಿಯೋ ಏತಕ್ಕೆ ಬೇಕೆಂಬುದು ಆಗ ನಮಗೆ ಬೇರೊಂದು ರೀತಿಯಾಗಿ ತೋರಿತು.

ಸೇಡಮ್ಮಿನಲ್ಲಿ ಊಟ: ಜೋಳದ ರೊಟ್ಟಿ, ಪುಂಡಿಪಲ್ಯ. ಬಜಾರಿನಲ್ಲಿ ಕನ್ನಡ, ತೆಲುಗು, ಉರ್ದುಗಳು ಒಂದೇ ವಾಕ್ಯದಲ್ಲಿ ಹೊಂದಿಕೊಂಡಿರುತ್ತವೆ. ಇಲ್ಲಿಂದ ಮುಂದೆ ಎಫ್.ಎಂ.ನಲ್ಲಿ ಅಲ್ಲಲ್ಲಿ ತೆಲುಗು ಹಾಡುಗಳು ತೂರಿಬಂದು, ಗುಡ್ಡದ ಮರೆಯಾದೊಡನೆ ಮಾಯವಾದುವು. ಎಫ್.ಎಂ. ಅಲೆಯು ಹೆಚ್ಚುಕಡಿಮೆ ನೇರವಾಗಿ ಸಾಗುವುದು. ಮಧ್ಯಮ ತರಂಗವು ನೆಲವನ್ನಪ್ಪಿಕೊಂಡು ಬಾಗಿ ಬರುವುದು. 1966ರಲ್ಲಿ ಸ್ಥಾಪನೆಯಾದ ಕಲಬುರಗಿ ನಿಲಯದ ಗುಣವೂ ಅದೇ.

ಚಿಂಚೋಳಿಯ ತಾಲೂಕು ಸೇರುತ್ತಲೇ ಭೂಮಿ ಏರತೊಡಗಿತು. 2011ರಲ್ಲಿ ವನ್ಯಧಾಮವೆಂದು ಸಾರಿದ ಕಾಡು, ಚಂದ್ರಂಪಳ್ಳಿಯ ಕೆರೆ—ಈ ಒಣನಾಡಿನಲ್ಲಿ ಇಂಥ ಹಸುರೇ ಎಂದು ಕಣ್ಣು ನಂಬದು. ಉಪಗ್ರಹದ ಯಂತ್ರವಿದ್ದರೂ ಆ ಮರಗಳಡಿ ಮೂಕವಾಗುತ್ತಿದ್ದಿತು. ಗಡಿಕೇಶ್ವರದಲ್ಲಿ ಮಿತ್ರರ ಬೀಗರನ್ನು ಕಂಡೆವು. ಅದಕ್ಕೆ ಒಂದು ತಿಂಗಳ ಹಿಂದೆ, ಅಕ್ಟೋಬರದಲ್ಲಿ, ಆ ಸುತ್ತಿನ ಹಳ್ಳಿಗಳಲ್ಲಿ ಭೂಮಿ ಮತ್ತೆ ಮತ್ತೆ ಗುಡುಗಿ ನಡುಗಿತ್ತು. ಜನರು ಮಕ್ಕಳೊಡನೆ ಅಂಗಳದಲ್ಲಿ ಮಲಗಿದ್ದರು. ಮಳೆಯ ನೀರು ಸುಣ್ಣಗಲ್ಲಿನ ಪದರುಗಳೊಳಗೆ ಇಳಿಯುವುದರಿಂದ ಹೀಗಾಗುವುದೆಂದು ತಜ್ಞರು ಹೇಳಿದರು. "ಫೋನಿನ್ಯಾಗ ಒಬ್ಬ ಒಂದು ಹೇಳ್ತಿದ್ದ್ರಿ ಯಣ್ಣಾ," ಎಂದರು ಆ ಮನೆಯ ಹಿರಿಯ ತಾಯಿ, "ನಾಳಿಗಿ ಊರೇ ಮುಳುಗ್ತದ ಅಂತಿದ್ರು. ಹಳೀ ರೇಡಿಯೋ ಹಚ್ಚಿ ಕುಂತೀವಿ, ಜೀವಕ್ಕ ಸಮಾಧಾನ ಆಯ್ತು."

ಮಿತ್ರರು ಮಾರನೆಯ ದಿನ ಮರಳುವಾಗ ಶಹಾಬಾದಿನಲ್ಲಿ ಕಾರನ್ನು ನಿಲ್ಲಿಸಿದರು. ಮಿಸ್ತ್ರಿಯು ಪರೀಕ್ಷಿಸಿ, ಮಾಡಿನ ಮೇಲಿನ ಏರಿಯಲ್ಲಿನ ಬುಡ ತುಕ್ಕು ಹಿಡಿದಿದ್ದುದನ್ನು ತೋರಿಸಿದನು. ಹೊಸದನ್ನು ಹಾಕಿದ ಮೇಲೆ ಕಲಬುರಗಿ ನಿಲಯದ ಸುದ್ದಿ ಅಂಗಡಿಯ ಹೊರಗಿನವರೆಗೂ ಕೇಳಿಸಿತು. ಮಗನ ಹಣ ಬೇಡವೆಂದು ಮಿತ್ರರು ಅಲ್ಲಿಂದಲೇ ತಿಳಿಸಿದರು.