ಹೊಂಡದ ಸಾಲ

ಹನೂರು ಕಡೆ ನಮ್ದು ಎರಡೆಕರೆ, ಮಳೆ ನಂಬ್ಕೊಂಡಿರೋ ಜಮೀನು. ಯಳಂದೂರಿನ ಗದ್ದೆಯೋರಿಗೆ ಸುವರ್ಣಾವತಿ ಅದ, ನಮಗೇನದ? ಬಿದ್ದ ಮಳೆ ಹಿಡ್ಕೊಂಡ್ರೆ ಉಂಟು. ರಾಗಿ ತೆನೆ ಕಟ್ಟೋ ಹೊತ್ಗೆ ಒಂದ್ಸಲ ನೀರು ಕೊಟ್ರೂ ಬೆಳೆ ಉಳೀತದ.

ಆ ನೀರಿಗೆ ಅಂತ ಕೃಷಿ ಹೊಂಡ ತೋಡ್ಸಿದ್ದು ಒಂದು ಕಂಪ್ನಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಜಾರಿ. ಅತ್ತಮ್ಮ ಅವರ ಬೋರ್ಡಿಗೂ ಕುಂಕುಮ ಇಟ್ಟವ್ರೆ! 'ಧರ್ಮದ ದುಡ್ಡಲ್ಲ, ಕಾನೂನಿನ ದುಡ್ಡು ಕನತ್ತಮ್ಮ' ಅಂದೆ. 'ಯಾರದಾದ್ರೇನ ಕೂಸು, ನೀರು ನಿಂತದಲ್ವ?'

ನಿಂತಿತ್ತು, ಹೆಗ್ಗಣ ಶೀಟು ಕಡಿಯೋ ತನಕ. ಅಷ್ಟೊತ್ಗೆ ಯೋಜನೆ ಮುಗ್ದು, ಬತ್ತಿದ್ದ ಹುಡುಗ್ರೂ ಬೇರೆ ಊರಿಗೆ ಹೋಗಿದ್ರು. ತೋಡ್ಸೋಕೆ ದುಡ್ಡು ಇಟ್ಟೋರು ರಿಪೇರಿಗೆ ಇಡಲ್ಲ, ನನಗೆ ಅದೇ ಸಿಟ್ಟು. ಕೊನೆಗೆ ಕೈ ಹಿಡಿದದ್ದು ನಮ್ಮ ಹೆಂಗಸರ ಸಂಘ. ವಾರವಾರ ಕಟ್ಟಿದ ಉಳಿತಾಯದಿಂದ ಸಾಲ ಕೊಟ್ರು, ಹೊಸ ಶೀಟು ಹಾಕಿಸ್ದೋ. ತೆಗ್ದ ಹೂಳನ್ನ ಹೊಲಕ್ಕೇ ಚೆಲ್ಲಿದ್ದೀವಿ, ಅಲ್ಲಿ ಅವರೆ ಚೆನ್ನಾಗಿ ಬಂದದ.

ಇನ್ನು ಆರು ಕಂತು ಬಾಕಿ.